ಪಕ್ಕದ ಕಾರ್ಬನ್

ನೇಹಾ ಇವತ್ತು ಬರಬಾರದು. ಬೆಳಿಗ್ಗೆ ಎದ್ದಾಗಿನಿಂದ ಚಾರ್ವಿಯ ತಲೆಯಲ್ಲಿ ಇದೊಂದೇ ಮಾತು ಸುತ್ತುತ್ತಿತ್ತು. ಸ್ವೀಡನ್ನಿನ ರಾಜಧಾನಿಯ ಅಂಚಿನ ಕಿಸ್ಟಾದ ಆ ಸಣ್ಣ ಬೇಕರಿಯ ಹಿಂಬದಿಯ ಮೇಜಿನ ಮೇಲೆ ಅವಳು ಬಾದಾಮಿ ಹಿಟ್ಟಿನ ಹಸಿರು ಹಾಳೆಯನ್ನು ಕೇಕಿಗೆ ಹೊದಿಸಿ, ಅಂಗೈಯಿಂದ ಸುಕ್ಕು ಬಿಡಿಸುತ್ತಿದ್ದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು; ಕಣ್ಣು ಮಾತ್ರ ಮೇಜಿನ ಅಂಚಿಗಿಟ್ಟ ಫೋನಿನ ಮೇಲಿತ್ತು. ಈ ಕೇಕನ್ನು ನೇಹಾಳೇ ಬಂದು ಹೇಳಿ ಹೋಗಿದ್ದಳು, ಗಂಡ ಶಿವಪ್ರಸಾದನ ಸ್ಪೀಕ್ನಿಂಗಿಗೆಂದು. ಇಲ್ಲಿ ಪಿಎಚ್‌ಡಿ ಮುಗಿಸುವವರು ಅಚ್ಚಾದ ಪ್ರಬಂಧವನ್ನು ಕೊನೆಯ ಪರೀಕ್ಷೆಗೆ ಕೆಲವು ವಾರ ಮೊದಲು ಎಲ್ಲರೆದುರು ಮರದ ಹಲಗೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ, ಅದೇ ಸ್ಪೀಕ್ನಿಂಗ್. ಅವನ ವಿಭಾಗದಲ್ಲಿ ಅದಕ್ಕೆ ಇನ್ನೊಂದು ರೂಢಿ ಸೇರಿಕೊಂಡಿತ್ತು. ಪುಸ್ತಕವನ್ನು ಹಲಗೆಗೆ ಒತ್ತಿ ಹಿಡಿಯುವವರು ಅವನಿಗೆ ಎಲ್ಲರಿಗಿಂತ ಹತ್ತಿರದವರಾಗಿರಬೇಕು, ಹೆಂಡತಿಯೋ ತಾಯಿಯೋ. ಹಿಡಿದವರ ಬೆರಳಿನ ಪಕ್ಕದಲ್ಲೇ ಸುತ್ತಿಗೆ ಬೀಳುತ್ತದೆ, ಯಾರು ಯಾರನ್ನು ಎಷ್ಟು ನಂಬುತ್ತಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ ಎಂದು ಅಲ್ಲಿಯವರ ನಗೆಮಾತು. ಹಿಡಿಯುವವರಿಲ್ಲದೆ ಸುತ್ತಿಗೆ ಎತ್ತಿಕೊಂಡು ನಿಂತ ಶಿವಪ್ರಸಾದನನ್ನು, ಸುತ್ತ ಕಾಗದದ ತಟ್ಟೆ ಹಿಡಿದು ಕಾಯುವ ಜನರನ್ನು, ಅವರಲ್ಲೊಬ್ಬರು ಮೆಲ್ಲಗೆ ವಾಚು ನೋಡಿಕೊಳ್ಳುವುದನ್ನು ಚಾರ್ವಿ ಎಷ್ಟು ಸಲ ಕಲ್ಪಿಸಿಕೊಂಡಿದ್ದಳೆಂದರೆ, ಅದು ಯಾವಾಗಲೋ ನಡೆದುಹೋದ ಸಂಗತಿಯ ನೆನಪಿನಂತಾಗಿಬಿಟ್ಟಿತ್ತು.

ಕೆಲವು ವರ್ಷಗಳ ಹಿಂದೆ, ಭಾನುವಾರದ ಮಧ್ಯಾಹ್ನಗಳಲ್ಲಿ ಶಿವಪ್ರಸಾದ ಚಾರ್ವಿಯ ಮನೆಗೆ ಪಾಠ ಹೇಳಲು ಬರುತ್ತಿದ್ದ. ಅಪ್ಪ ರಮಾನಂದ ಕಿಸ್ಟಾದ ಟೆಲಿಕಾಂ ಆಫೀಸಿನಲ್ಲಿ ಕೆಲಸ ಮಾಡುವವರು. ಮಗಳು ಸೈನ್ಸ್ ತೆಗೆದುಕೊಂಡ ಮೇಲೆ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಕನ್ನಡದವನೇ ಸಿಕ್ಕಿದ್ದು ದೊಡ್ಡ ಅದೃಷ್ಟವೆಂದು ಅವರ ಎಣಿಕೆ. ಶಾಲೆಯಲ್ಲಿ ಎಲ್ಲ ಮೇಷ್ಟರುಗಳನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಚಾರ್ವಿಗೆ ಅವನೊಬ್ಬನನ್ನು ಮಾತ್ರ ಸರ್ ಎನ್ನಬೇಕಾಗಿತ್ತು. ಊಟದ ಮೇಜಿನ ಮೇಲೆ, ಅಮ್ಮ ಒರೆಸಿ ಇನ್ನೂ ಒದ್ದೆಯಾಗಿದ್ದ ಜಾಗ ತಪ್ಪಿಸಿ ಹಾಳೆಯಿಟ್ಟು, ಅವನು ಕಾರ್ಬನ್ನುಗಳ ಒಂದು ಸರಪಳಿ ಬರೆದಿದ್ದ. ತುದಿಯಲ್ಲಿ ಕ್ಲೋರಿನ್. ಇದು ಇಂಡಕ್ಟಿವ್ ಎಫೆಕ್ಟ್, ನೋಡಮ್ಮಾ. ಕಾರ್ಬನ್ನೂ ಕ್ಲೋರಿನ್ನೂ ಹಂಚಿಕೊಂಡ ಎಲೆಕ್ಟ್ರಾನುಗಳನ್ನು ಕ್ಲೋರಿನ್ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕಿತ್ತುಕೊಳ್ಳುವುದಿಲ್ಲ, ವಾಲಿಸಿಕೊಳ್ಳುತ್ತದೆ ಅಷ್ಟೆ. ಪಕ್ಕದ ಕಾರ್ಬನ್ನಿಗೆ ಕೊಂಚ ಕೊರತೆ ಬೀಳುತ್ತದೆ, ಅದು ತನ್ನ ಪಕ್ಕದ್ದರಿಂದ ಎಳೆಯುತ್ತದೆ. ಮೊದಲನೆಯದರ ತಲೆಯ ಮೇಲೆ ಅವನು ಬಾಲ ಬಾಗಿದ ಒಂದು ಗ್ರೀಕ್ ಡೆಲ್ಟಾ ಬರೆದ, ಪಕ್ಕದಲ್ಲೊಂದು ಕೂಡುಚಿಹ್ನೆ. ಎರಡನೆಯದರ ಮೇಲೆ ಎರಡು ಡೆಲ್ಟಾ, ಮೂರನೆಯದರ ಮೇಲೆ ಮೂರು. ಡೆಲ್ಟಾ ಹೆಚ್ಚಿದಷ್ಟೂ ಕೊರತೆ ಕಡಿಮೆ. ಮೂರನೆಯದನ್ನು ದಾಟಿದರೆ ಏನೂ ತಲುಪುವುದಿಲ್ಲ. ವಿನೆಗರಿನಲ್ಲಿರುವ ಆಮ್ಲಕ್ಕೆ ಹೀಗೊಂದು ಕ್ಲೋರಿನ್ ಕೂರಿಸಿದರೆ, ಇನ್ನೊಂದು ತುದಿಯಲ್ಲಿರುವ ಹೈಡ್ರೋಜನ್ನಿನ ಹಿಡಿತ ಸಡಿಲವಾಗಿ ಅದು ಸುಲಭವಾಗಿ ಬಿಟ್ಟುಹೋಗುತ್ತದೆ, ಆಮ್ಲ ಎಷ್ಟೋ ಪಟ್ಟು ಕಟುವಾಗುತ್ತದೆ. ಹೇಳು, ಈ ಮೊದಲನೇ ಕಾರ್ಬನ್ ಯಾಕೆ ಪಕ್ಕದ್ದರಿಂದ ಎಳೆಯುತ್ತೆ? ಚಾರ್ವಿ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದಳು. ಅವಳಿಗೆ ನಿಜವಾಗಿ ಕಂಡದ್ದನ್ನೇ ಹೇಳಿದಳು. ‘ಅದಕ್ಕೆ ನಾಚಿಕೆ ಆಗುತ್ತೆ ಸರ್. ಕಮ್ಮಿ ಆಗಿದೆ ಅಂತ ಯಾರಿಗೂ ಗೊತ್ತಾಗಬಾರದು ಅಂತ.’

ಸಂಕ್ರಾಂತಿಯ ಊಟಕ್ಕೆ ಕನ್ನಡದವರೆಲ್ಲ ಬಾಡಿಗೆಯ ಹಾಲಿನಲ್ಲಿ ಸೇರಿದ್ದರು. ಅಮ್ಮ ಶೋಭನಾ ಹುಗ್ಗಿ ಬಡಿಸುತ್ತಿದ್ದಳು. ಶಿವಪ್ರಸಾದ ಮಾತಿನ ಮಧ್ಯೆ ಎದ್ದು ನಿಂತು, ಕೈಯಲ್ಲಿ ಸೌಟೊಂದನ್ನು ಮೈಕಿನಂತೆ ಹಿಡಿದು, ‘ನಮ್ಮ ಚಾರ್ವಿ ಒಂದು ಹೊಸ ಥಿಯರಿ ಕಂಡುಹಿಡಿದಿದ್ದಾಳೆ’ ಎಂದ. ‘ಕಾರ್ಬನ್ನಿಗೆ ನಾಚಿಕೆ ಆಗುತ್ತಂತೆ. ಇನ್ನು ಮೇಲೆ ಲ್ಯಾಬಿಗೆ ಹೋಗೋವಾಗ ನಾನು ಕೆಮ್ಮಿ ಒಳಗೆ ಹೋಗಬೇಕು, ಪಾಪ, ಅವು ಯಾವ ಸ್ಥಿತೀಲಿರ್ತಾವೋ.’ ಹಾಲೆಲ್ಲ ನಕ್ಕಿತು. ಹುಗ್ಗಿಯ ಪಾತ್ರೆ ಹಿಡಿದಿದ್ದ ಅಮ್ಮನೂ ನಕ್ಕಳು. ಅಮ್ಮನ ಆ ನಗು, ಎಲ್ಲರ ಮುಖ ನೋಡಿಕೊಂಡು ಒಂದು ಗಳಿಗೆ ತಡವಾಗಿ ಬಂದ ಆ ನಗು, ಮಿಕ್ಕವರೆಲ್ಲರದಕ್ಕಿಂತ ಆಳಕ್ಕಿಳಿಯಿತು. ಕೈ ತೊಳೆಯುವಲ್ಲಿ ಅವನು ಅಪ್ಪನಿಗೆ ಹೇಳುತ್ತಿದ್ದದ್ದನ್ನೂ ಅವಳು ಕೇಳಿಸಿಕೊಂಡಳು. ‘ಬೇಜಾರು ಮಾಡ್ಕೋಬೇಡಿ ಸರ್. ಇವಳಿಗೆ ಸೈನ್ಸ್ ಹತ್ತಲ್ಲ. ಮಕ್ಕಳ ಜೊತೆ ಕೆಲಸ, ಪುಟ್ಟ ಮಕ್ಕಳನ್ನ ನೋಡ್ಕೊಳ್ಳೋ ದಾಗಿಸ್, ಅಂಥ ಯಾವುದಾದ್ರೂ ಕೋರ್ಸಿಗೆ ಹಾಕಿ. ಸುಮ್ಮನೆ ಯಾಕೆ ಕಷ್ಟ.’ ಅಪ್ಪ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ ಕನ್ನಡದ ಹುಡುಗರು ಅವಳನ್ನು ಕಾರ್ಬನ್ ಎಂದೇ ಕರೆದರು. ಶಾಲೆಗೆಂದು ಹೊರಟವಳು ಮೆಟ್ರೋದಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಮರಳಿ ಬರತೊಡಗಿದಳು. ಶಾಲೆಯಿಂದ ಫೋನು ಬಂತು, ಕೊಮ್ಯೂನಿನಿಂದ, ಅಂದರೆ ನಗರಸಭೆಯಿಂದ, ಒಬ್ಬಳು ಬಂದು ಸೋಫಾದ ಅಂಚಿನಲ್ಲಿ ಕುಳಿತು ಮೃದುವಾಗಿ ಮಾತಾಡಿದಳು. ಚಾರ್ವಿ ಯಾರಿಗೂ ಏನೂ ಹೇಳಲಿಲ್ಲ. ಹೇಳಲು ಏನಿತ್ತು? ಒಬ್ಬರು ಒಂದು ಜೋಕು ಹೇಳಿದರು, ಎಲ್ಲರೂ ನಕ್ಕರು. ಇಷ್ಟಕ್ಕೆ ಯಾರಾದರೂ ಓದು ಬಿಡುತ್ತಾರೆಯೇ?

ನೇಹಾ ಮದುವೆಯಾಗಿ ಬಂದದ್ದು ಚಾರ್ವಿ ಓದು ಬಿಟ್ಟು ಬೇಕರಿ ಸೇರಿದ ಮೇಲೆ. ಸ್ವೀಡಿಷ್ ಕಲಿಯುವ ಕ್ಲಾಸು ಕಿಸ್ಟಾದಲ್ಲಿದ್ದುದರಿಂದ, ಮುಗಿಸಿ ನೇರವಾಗಿ ಬೇಕರಿಗೆ ಬಂದು ಕಿಟಕಿಯ ಪಕ್ಕ ಕೂರುತ್ತಿದ್ದಳು. ಅಂಗಡಿಯಲ್ಲಿ ಕನ್ನಡ ಕೇಳಿದ ಮೊದಲ ದಿನ ಅವಳ ಕಣ್ಣು ತುಂಬಿದ್ದವು. ‘ಚಾರು’ ಎಂದು ಚಾರ್ವಿಯನ್ನು ಕರೆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಬಂದವಳು ಶಿವಪ್ರಸಾದನ ಹೆಂಡತಿ ಎಂದು ತಿಳಿದ ಆ ಕ್ಷಣದಲ್ಲಿ ಚಾರ್ವಿಯ ಒಳಗೆ ಏನೋ ತಣ್ಣಗೆ ಕದಲಿ ತನ್ನ ಜಾಗ ಹಿಡಿದು ಕುಳಿತಿತು. ಅವಳು ಸುಳ್ಳು ಹೇಳಲಿಲ್ಲ. ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಅದರ ಬಗ್ಗೆ ಅವಳಿಗೆ ಒಂದು ಬಗೆಯ ಹೆಮ್ಮೆಯಿತ್ತು. ಸಂಕ್ರಾಂತಿಯ ಜೋಕನ್ನು ನಗುತ್ತಲೇ ಹೇಳಿದಳು. ಆಮೇಲೆ ನೇಹಾ, ಕಪ್ಪಿನ ಹಿಡಿಯನ್ನು ತಿರುಗಿಸುತ್ತ, ‘ನನ್ನ ಬಗ್ಗೆನೂ ಲ್ಯಾಬಲ್ಲಿ ಹೀಗೇ ಏನಾದ್ರೂ ಹೇಳ್ತಾರಾ ಇವರು?’ ಎಂದು ಕೇಳಿದಾಗ, ಸ್ವಲ್ಪ ತಡೆದು, ‘ನಂಗೆ ಗೊತ್ತಿಲ್ಲ ನೇಹಕ್ಕ’ ಎಂದಳು. ಗೊತ್ತಿಲ್ಲದ್ದು ನಿಜವೇ. ಆ ತಡೆದದ್ದು ಮಾತ್ರ ಅವಳದು. ನೇಹಾ ಸ್ವೀಡಿಷಿನಲ್ಲಿ ಕಾಫಿ ಕೇಳಿದಾಗಲೆಲ್ಲ ಉಚ್ಚಾರವನ್ನು ಮೆತ್ತಗೆ ತಿದ್ದಿದಳು, ಸರಿಯಾಗಿ ಹೇಳಿದ ದಿನ ಸುಮ್ಮನಿದ್ದಳು. ಶುಕ್ರವಾರದ ಕಾಫಿಕೂಟ ಫೀಕಾಕ್ಕೆ ಲ್ಯಾಬಿನ ಗಂಡಹೆಂಡಿರೆಲ್ಲ ಬರುತ್ತಾರಂತೆ, ನೀವು ಹೋಗಲ್ವಾ ಎಂದು ಕೇಳಿದಳು. ತಿಂಗಳುಗಳು ಕಳೆದಂತೆ ನೇಹಾಳ ಮಾತು ಸಣ್ಣದಾಗುತ್ತ ಬಂತು. ಊರಿನಲ್ಲಿ ಕಾಲೇಜಿನ ನಾಟಕದಲ್ಲಿ ಪಾರ್ಟು ಮಾಡಿದವಳು ಈಗ ಬೇಕಾದದ್ದನ್ನು ಬೆರಳಿನಿಂದ ತೋರಿಸುತ್ತಿದ್ದಳು. ಎಳೆಯುವುದೆಂದರೆ ಕೀಳುವುದಲ್ಲ. ಇಷ್ಟೇ ಇಷ್ಟು ವಾಲಿಸುವುದು. ಇತ್ತ ಕಡೆಯಿಂದ ಎಳೆದರೆ ಅತ್ತ ತುದಿಯಲ್ಲಿ ಅವನಿಂದೇನೋ ಬಿಟ್ಟುಹೋಗುತ್ತದೆ. ಕೌಂಟರಿನ ಹಿಂದೆ ನಿಂತು ಬನ್ನುಗಳಿಗೆ ಸಕ್ಕರೆ ಉದುರಿಸುತ್ತ ಚಾರ್ವಿ ಇದನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು, ಹತ್ತದ ಸೈನ್ಸು ಹತ್ತಿತೆಂಬಂತೆ.

ಪುಸ್ತಕ ಹಿಡಿಯುವ ದಿನ ಗೊತ್ತಾದ ಮೇಲೆ ನೇಹಾ ದಿನಾ ಅದೇ ಮಾತಾಡಿದಳು. ‘ಸೀರೆ ಉಡಲೇನೇ?’ ‘ನಿಮ್ಮಿಷ್ಟ ನೇಹಕ್ಕ. ಅಲ್ಲಿ ಎಲ್ಲರೂ ಜೀನ್ಸಲ್ಲೇ ಇರ್ತಾರೆ.’ ‘ಹಂಗಾದ್ರೆ ಜೀನ್ಸೇ ಹಾಕ್ಕೊಳ್ಳಲಾ?’ ‘ಹಾಕ್ಕೊಳ್ಳಿ. ಫೋಟೋ ತೆಗೀತಾರೆ, ಅಷ್ಟೇ. ಇಂಟರ್‌ನೆಟ್ಟಲ್ಲಿ ಹಾಕ್ತಾರೆ.’ ‘ಎರಡು ಮಾತು ಆಡಬೇಕಂತೆ ಹಿಡಿದೋರು.’ ‘ಹೌದು. ಕಷ್ಟ ಏನಿಲ್ಲ. ತಪ್ಪು ಮಾತಾಡಿದ್ರೂ ಇಲ್ಲಿಯವರು ಎದುರಿಗೆ ನಗಲ್ಲ.’

ಕೇಕಿನ ನೆತ್ತಿಗೆ ಸಕ್ಕರೆಯ ಗುಲಾಬಿ ಇಡುವಾಗ ಫೋನು ಅಲುಗಿತು.

‘ಚಾರು, ಕೆಲಸದಲ್ಲಿದ್ಯಾ?’

‘ಕೇಕ್ ರೆಡಿ ಆಯ್ತು. ತಗೊಂಡು ಹೊರಡ್ತಿದೀನಿ.’

‘ಯಾಕೋ ಮೈ ಸರಿಯಿಲ್ಲ ಕಣೇ. ನಾನು ಬರಲ್ಲ ಅನ್ಸುತ್ತೆ.’ ಆ ಕಡೆ ನಲ್ಲಿಯ ನೀರು ಬೀಳುವ ಸದ್ದು. ‘ಇವರು ಬೆಳಿಗ್ಗೇನೇ ಹೋದ್ರು. ಮೆಸೇಜ್ ಮಾಡ್ತೀನಿ, ಹುಷಾರಿಲ್ಲ ಅಂತ. ಏನಂತೀಯಾ, ಮಾಡ್ಲಾ? ಇಲ್ಲ ಬಂದೇಬಿಡ್ಲಾ?’

ಬನ್ನಿ ಎಂದರೆ ಬರುತ್ತಾಳೆ. ಆ ಒಂದು ಮಾತನ್ನು ಕೇಳುವುದಕ್ಕೇ ಫೋನು ಮಾಡಿದ್ದಾಳೆ. ಚಾರ್ವಿಗೆ ಇದು ಹಗಲಿನಷ್ಟು ಸ್ಪಷ್ಟವಾಗಿತ್ತು. ಅವಳು ಡಬ್ಬದ ಮುಚ್ಚಳ ಮಡಿಚಿ, ಅದರ ಕಿವಿಯನ್ನು ಸೀಳಿನೊಳಗೆ ತೂರಿಸಿದಳು.

‘ಹುಷಾರಿಲ್ಲ ಅಂದ್ರೆ ರೆಸ್ಟ್ ಮಾಡಿ ನೇಹಕ್ಕ’ ಎಂದಳು.

ಮೆಟ್ರೋದ ನೀಲಿ ಲೈನಿನಲ್ಲಿ ಕೂತು ಊರಿನ ಮಧ್ಯಕ್ಕೆ, ಅಲ್ಲಿಂದ ಕೆಂಪು ಲೈನು. ಡಬ್ಬವನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡಿದ್ದಳು. ಎದುರಿಗೆ ಕೂತ ಮುದುಕಿ ಪಾರದರ್ಶಕ ಮುಚ್ಚಳದೊಳಗಿನ ಹಸಿರನ್ನು ನೋಡಿ ನಕ್ಕಾಗ ಚಾರ್ವಿಯೂ ನಕ್ಕಳು, ಬಹಳ ದಿನಗಳ ಮೇಲೆ ಹಲ್ಲು ಕಾಣುವಂತೆ. ಏಪ್ರಿಲ್. ಚಳಿಗಾಲದಲ್ಲಿ ಜನ ಜಾರದಿರಲೆಂದು ಎರಚಿದ ಸಣ್ಣ ಜಲ್ಲಿಯನ್ನು ಇನ್ನೂ ಗುಡಿಸಿರಲಿಲ್ಲ. ನಿಲ್ದಾಣದಿಂದ ನಡೆಯುವಾಗ ಬೂಟಿನ ಕೆಳಗೆ ಕರಕರ ಎನ್ನುತ್ತಿತ್ತು. ಅವನ ಮುಖ ಹೇಗಾಗುತ್ತದೆ? ಮೊದಲು ಬಾಗಿಲ ಕಡೆ ನೋಡುತ್ತಾನೆ. ಆಮೇಲೆ ಫೋನು. ಕಿವಿ ಕೆಂಪಾಗಬಹುದು. ಏನೋ ಹೇಳಲು ಹೋಗಿ ತಡವರಿಸುತ್ತಾನೆ, ಆಗ ಯಾರಾದರೂ, ಯಾರೋ ಒಬ್ಬರು, ಪಕ್ಕದವರ ಕಿವಿಯಲ್ಲಿ ಏನೋ ಅನ್ನುತ್ತಾರೆ, ಪಕ್ಕದವರ ತುಟಿ ಇಷ್ಟೇ ಇಷ್ಟು ಬಿರಿಯುತ್ತದೆ. ಅಷ್ಟು ಸಾಕು. ಅವಳಿಗೆ ರಕ್ತ ಬೇಕಿರಲಿಲ್ಲ. ಆ ಬಿರಿದ ತುಟಿಯನ್ನು ಅವನು ನೋಡಬೇಕು, ಅವನು ನೋಡಿದ್ದನ್ನು ತಾನು ನೋಡಬೇಕು.

ಕಾರಿಡಾರಿನಲ್ಲಿ ಜನ ಸೇರಿದ್ದರು. ಕಪ್ಪಾದ ಹಳೆಯ ಹಲಗೆಯ ತುಂಬ ಮೊಳೆಯ ತೂತುಗಳು. ಚಾರ್ವಿ ಕೇಕನ್ನು ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತಳು. ಎಲ್ಲರೂ ಕಾಣುವ, ತಾನು ಯಾರ ಕಣ್ಣಿಗೂ ಬೀಳದ ಜಾಗ ಹುಡುಕುವುದು ಅವಳಿಗೆ ಅಭ್ಯಾಸ. ಶಿವಪ್ರಸಾದ ಇಸ್ತ್ರಿ ಮಾಡಿದ ನೀಲಿ ಶರಟಿನಲ್ಲಿದ್ದ, ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದ. ಅವನ ಗೈಡು, ಎಲ್ಲರೂ ಬಿರ್ಗಿಟ್ಟಾ ಎಂದು ಕರೆಯುವ ಬಿಳಿಗೂದಲಿನ ಹೆಂಗಸು, ಕೇಳಿದಳು, ಎಲ್ಲಿ ನಿನ್ನ ಹೆಂಡತಿ? ಚಾರ್ವಿ ಅವನ ಕಿವಿಯನ್ನೇ ನೋಡಿದಳು. ‘ಓ, ನೇಹಾಗೆ ಜ್ವರ. ಬೆಳಿಗ್ಗೆಯಿಂದ’ ಎಂದು ಶಿವಪ್ರಸಾದ ಸ್ವೀಡಿಷಿನಲ್ಲಿ ಹೇಳಿದ, ಬಸ್ಸು ತಡವಾಯಿತು ಎನ್ನುವ ಧಾಟಿಯಲ್ಲಿ. ‘ಅಯ್ಯೋ ಪಾಪ’ ಎಂದು ನಾಲ್ಕೈದು ಜನ ನಿಜವಾದ ಮರುಕದಿಂದ ಅಂದರು. ಯಾರ ತುಟಿಯೂ ಬಿರಿಯಲಿಲ್ಲ. ಅವನ ಕಿವಿ ಇದ್ದ ಬಣ್ಣದಲ್ಲೇ ಇತ್ತು. ತಾನು ಒಂದೂವರೆ ವರ್ಷ ಹನಿಹನಿಯಾಗಿ ಎಳೆದದ್ದು ಅವನ ತನಕ ಬಂದೇ ಇಲ್ಲವೆಂಬುದು ಚಾರ್ವಿಗೆ ಹೊಳೆಯುವಷ್ಟರಲ್ಲಿ ಅವನು ಅವಳನ್ನು ಕಂಡಿದ್ದ.

‘ಏ, ಇಲ್ಲೇ ಇದಾಳಲ್ಲ ನಮ್ಮವಳು. ಬಾಮ್ಮ ಚಾರ್ವಿ, ನೀನೇ ಹಿಡ್ಕೋ ಬಾ.’

‘ಬೇಡ ಸರ್. ನಾನು ಕೇಕ್ ಕೊಡೋಕೆ ಬಂದಿದ್ದು.’

‘ಕೇಕ್ ಎಲ್ಲೂ ಓಡಿಹೋಗಲ್ಲ. ಬಾ, ನಿನ್ನ ಬೆರಳಿಗೆ ಹೊಡೆಯಲ್ಲ, ಮೆಡಿಕಲ್ ಬಿಲ್ಲು ಕಟ್ಟೋಕೆ ನಂಗೆ ಸ್ಟೈಪೆಂಡ್ ಸಾಲಲ್ಲ.’

ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬೆನ್ನಿನ ಮೇಲೆ ಅಷ್ಟೂ ಕಣ್ಣುಗಳು. ಅವಳು ಎರಡೂ ಕೈಯಿಂದ ಪುಸ್ತಕವನ್ನು ಹಲಗೆಗೆ ಒತ್ತಿ ಹಿಡಿದಳು, ತೋಳಿಗಂಟಿದ್ದ ಸಕ್ಕರೆ ಪುಡಿ ಅದರ ಕಪ್ಪು ರಟ್ಟಿಗೆ ಮೆತ್ತಿತು. ಅವನು ಸುತ್ತಿಗೆ ಎತ್ತದೆ ಜನರ ಕಡೆ ತಿರುಗಿದ. ಇವಳು ನನ್ನ ಮೊದಲನೇ ಸ್ಟೂಡೆಂಟ್, ಎಂದ. ಕಾರ್ಬನ್ನಿಗೆ ನಾಚಿಕೆ ಅಂತ ನಾನು ಪ್ರತಿ ವರ್ಷ ಹೊಸಬರಿಗೆ ಹೇಳ್ತೀನಲ್ಲ, ಅದು ಇವಳ ಮಾತು. ಇಂಡಕ್ಟಿವ್ ಎಫೆಕ್ಟನ್ನ ಇದಕ್ಕಿಂತ ಚೆನ್ನಾಗಿ ಹೇಳಿದವರನ್ನ ನಾನು ನೋಡಿಲ್ಲ. ಎಲ್ಲರೂ ನಕ್ಕರು. ಒಳ್ಳೆಯ ನಗು, ಬೆಚ್ಚಗಿನ ನಗು; ಒಬ್ಬ ಹುಡುಗ ಹೆಬ್ಬೆರಳೆತ್ತಿ ತೋರಿಸಿದ. ಇಷ್ಟು ವರ್ಷ ಚಾರ್ವಿ ಎದೆಯಲ್ಲಿ ಕಾಪಿಟ್ಟುಕೊಂಡ ಅವಮಾನ ಇವನ ಹತ್ತಿರ ಒಂದು ಒಳ್ಳೆಯ ಉದಾಹರಣೆಯಾಗಿ ಸುಖವಾಗಿ ಇತ್ತು. ಅವನು ಮೊಳೆಯನ್ನು ಗುರಿಯಿಟ್ಟು, ಕನ್ನಡದಲ್ಲಿ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ, ‘ನೀನು ಓದು ಬಿಡಬಾರದಿತ್ತು ಕಣಮ್ಮಾ. ಆವತ್ತೇ ನಿಮ್ಮಪ್ಪಂಗೆ ಹೇಳಿದ್ದೆ, ಸೈನ್ಸ್ ಬಿಡಿಸಬೇಡಿ ಅಂತ. ಯಾರು ಕೇಳ್ತಾರೆ ನಮ್ಮ ಮಾತು.’

ಅವನು ಸುಳ್ಳು ಹೇಳುತ್ತಿರಲಿಲ್ಲ. ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವಳಿಗೆ ಅದು ಗೊತ್ತಾಯಿತು. ಅವನು ಹಾಗೆಂದೇ ನಂಬಿದ್ದ. ಸುತ್ತಿಗೆ ಅವಳ ಹೆಬ್ಬೆರಳಿನ ಪಕ್ಕದಲ್ಲಿ ಬಿತ್ತು, ಮತ್ತೆ ಬಿತ್ತು. ಒಂದೇ ಒಂದು ಅಂಗುಲ ಕೈ ಸರಿಸಿ ಬೆರಳು ಜಜ್ಜಿಸಿಕೊಂಡುಬಿಡಲೇ, ಇವರೆಲ್ಲರ ಎದುರು ಇವನ ಕೈಯಿಂದಲೇ, ಎನ್ನಿಸಿತು. ಬೆರಳು ಮಾತ್ರ ಕದಲಲಿಲ್ಲ. ಚಪ್ಪಾಳೆ ಆಯಿತು. ಯಾರೋ ಫೋಟೋ ತೆಗೆದರು. ಕೇಕು ಕತ್ತರಿಸಿದರು. ಅವನು ಒಂದು ತುಂಡನ್ನು ಕಾಗದದ ತಟ್ಟೆಯಲ್ಲಿಟ್ಟು ಅವಳ ಕೈಗೆ ಕೊಟ್ಟ. ‘ಇದನ್ನ ನೇಹಾಗೆ ಕೊಟ್ಟು ಹೋಗ್ತೀಯಾ? ಮನೆ ಇಲ್ಲೇ, ಕಾಡು ದಾಟಿದ್ರೆ. ನಾನು ಇವರನ್ನೆಲ್ಲ ಕಳಿಸಿ ಬಂದುಬಿಡ್ತೀನಿ.’

ಕಾಡೆಂದರೆ ನಾಲ್ಕು ಬರ್ಚ್ ಮರ, ಒಂದಿಷ್ಟು ಬಂಡೆ. ಬಂಡೆಯ ಬುಡದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿದ ಹಿಮ. ನಡೆಯುತ್ತ ಅವಳ ಸಿಟ್ಟು ಇಳಿಯಲಿಲ್ಲ, ಏರಿತು. ಮರೆತವನ ಮೇಲೆ ಸೇಡು ತೀರಿಸುವುದು ಹೇಗೆ? ಮೊದಲು ನೆನಪು ಮಾಡಿಕೊಡಬೇಕು, ಸರ್, ನೀವು ಹೀಗೆ ಅಂದಿದ್ದಿರಿ, ಕೈ ತೊಳೆಯುವ ಜಾಗದಲ್ಲಿ, ಎಂದು. ಅವನು ಆಗ ಕ್ಷಮೆ ಕೇಳುತ್ತಾನೆ. ಆ ಕ್ಷಮೆಯ ಯೋಚನೆಯೇ ಅವಳಿಗೆ ಅಸಹ್ಯವಾಯಿತು.

ಬಾಗಿಲು ತೆಗೆದ ನೇಹಾ ಸೀರೆಯುಟ್ಟಿದ್ದಳು. ಸಾಸಿವೆ ಬಣ್ಣದ ರೇಷ್ಮೆ, ಭುಜದ ಮೇಲೆ ನೆರಿಗೆ ಕೂರಿಸಿ ಪಿನ್ನು ಹಾಕಿತ್ತು, ಬಿಗಿಯಾಗಿ ಹೆಣೆದ ಜಡೆ. ಬಾಗಿಲ ಬಳಿ ಬೂಟು ಜೋಡಿಸಿಟ್ಟಿತ್ತು, ಅದರ ಮೇಲೆ ಕೋಟು. ಬೆಳಿಗ್ಗೆಯಿಂದ ಅವಳು ಇಲ್ಲೇ, ಈ ಬಾಗಿಲ ಒಳಬದಿಯಲ್ಲಿ ನಿಂತಿದ್ದಳೇನೋ. ಜ್ವರವಿರಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ, ಯಾರೋ ಒಳಗಿನಿಂದ ಎಲ್ಲವನ್ನೂ ಮೆಲ್ಲಗೆ ತೆಗೆದುಕೊಂಡು ಹೋದಂತೆ. ಚಾರ್ವಿ ಕಣ್ಣು ತಪ್ಪಿಸಿ ತಟ್ಟೆಯನ್ನು ಕೊಟ್ಟಳು. ಇಬ್ಬರೂ ಬಾಗಿಲಿಗೆ ಕಾಣುವ ಅಡಿಗೆಮನೆಯ ಮೇಜಿಗೆ ಎದುರುಬದುರು ಕೂತರು.

‘ಆಯ್ತಾ?’

‘ಆಯ್ತು.’

‘ನನ್ನ ಯಾರಾದ್ರೂ ಕೇಳಿದ್ರಾ?’

‘ಬಿರ್ಗಿಟ್ಟಾ ಕೇಳಿದ್ರು. ಸರ್ ಜ್ವರ ಅಂದ್ರು.’

‘ಇವರು ಬೇಜಾರು ಮಾಡ್ಕೊಂಡ್ರಾ?’

ಮಾಡಿಕೊಂಡರು ಎನ್ನಬಹುದಿತ್ತು. ಬಾಗಿಲ ಕಡೆಯೇ ನೋಡುತ್ತಿದ್ದರು ಎಂದು ಒಂದು ಸುಳ್ಳು ಹೇಳಿದ್ದರೆ ನೇಹಾ ಈಗಲೇ ಈ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಿದ್ದಳು. ಚಾರ್ವಿ ಸುಳ್ಳು ಹೇಳುವವಳಲ್ಲ.

‘ಇಲ್ಲ. ನಗ್ತಿದ್ರು.’

ನೇಹಾ ತಟ್ಟೆಯನ್ನು ಮೇಜಿನ ಮೇಲಿಟ್ಟು, ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದಳು. ‘ಮತ್ತೆ ಪುಸ್ತಕ ಯಾರು ಹಿಡ್ಕೊಂಡ್ರು? ಅವರೇನಾ, ಬಿರ್ಗಿಟ್ಟಾ?’

‘ನಾನು.’

ಫ್ರಿಜ್ಜು ಗುರ್ ಎಂದು ಶುರುವಾಗಿ ನಿಂತಿತು.

‘ನೀನು’ ಎಂದಳು ನೇಹಾ.

‘ಸರ್ ಕರೆದ್ರು ನೇಹಕ್ಕ. ನಾನು ಬೇಡ ಅಂದೆ.’

‘ಸೀರೆ ಉಡಲಾ ಅಂತ ಕೇಳಿದೆ ನಿನ್ನ.’

‘ಉಡಬೇಡಿ ಅಂತ ನಾನು ಅನ್ಲಿಲ್ಲ.’

‘ಅನ್ಲಿಲ್ಲ. ನೀನು ಯಾವತ್ತೂ ಏನೂ ಅನ್ಲಿಲ್ಲ.’ ನೇಹಾಳ ದನಿ ಏರಲಿಲ್ಲ. ಆದರೆ ಅವಳ ಮುಖಕ್ಕೆ ಏನೋ ಮರಳಿ ಬರತೊಡಗಿತ್ತು, ಬಹಳ ದಿನದಿಂದ ಕಾಣದಿದ್ದ ಒಂದು ಹರಿತ. ‘ಬೆಳಿಗ್ಗೆ ಫೋನ್ ಮಾಡ್ದಾಗ ಒಂದೇ ಒಂದು ಸಲ ಬನ್ನಿ ಅಂದಿದ್ರೆ ಓಡಿ ಬರ್ತಿದ್ದೆ. ನಿಂಗೂ ಗೊತ್ತಿತ್ತು. ದಿನಾ ಕೂರಿಸ್ಕೊಂಡು, ಕಾಫಿ ಕೊಟ್ಟು, ಅವರು ಹೀಗೆ, ಅವರು ಹಾಗೆ. ನಾನು ಮನೇಲೇ ಇರೋ ಹಾಗೆ ಮಾಡ್ದೆ. ಯಾಕೆ ಅಂತ ತಿಳೀತಿರ್ಲಿಲ್ಲ ನಂಗೆ. ಅದಕ್ಕಾ, ಚಾರು? ಅಲ್ಲಿ ನೀನು ನಿಲ್ಲಬೇಕು ಅಂತಲಾ? ಅವರ ಪಕ್ಕ?’

ಅರ್ಥವಾಗಲು ಚಾರ್ವಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳಿಗೆ ನಗು ಬರುವಂತಾಯಿತು. ತಾನು ಅವನನ್ನು ಬಯಸುವುದೇ, ಆ ನೀಲಿ ಶರಟನ್ನು, ಸೌಟು ಹಿಡಿದು ನಿಂತ ಆ ಕೈಯನ್ನು! ಅಲ್ಲ ನೇಹಕ್ಕ, ಎಂದು ಬಾಯಿ ತೆರೆದಳು. ಅಲ್ಲ ಎಂದ ಮೇಲೆ ಮತ್ತೇನು ಎಂದು ಹೇಳಬೇಕಾಗುತ್ತದೆ. ನನಗೆ ಬೇಕಾಗಿದ್ದದ್ದು ಅವರ ನಾಶ, ನೀವು ಸುಮ್ಮನೆ ಪಕ್ಕದಲ್ಲಿದ್ದಿರಿ, ಅದಕ್ಕೆ ನಿಮ್ಮನ್ನು ಖಾಲಿ ಮಾಡಿದೆ, ಎಂದು. ಅದನ್ನು ಕೇಳಿ ನೇಹಾ ಅಳುತ್ತಾಳೆ, ಸಂಜೆ ಗಂಡನಿಗೆ ಹೇಳುತ್ತಾಳೆ, ಅವನು ತಲೆ ಕೊಡವಿ, ಪಾಪದ ಹುಡುಗಿ, ಎನ್ನುತ್ತಾನೆ. ಮುಂದಿನ ಸಂಕ್ರಾಂತಿಗೆ ಅದೂ ಒಂದು ಕತೆಯಾಗುತ್ತದೆ. ಆದರೆ ನೇಹಾ ಈಗ ನಂಬುತ್ತಿರುವುದು, ಎದುರಿಗೆ ಕೂತು ಎರಡೂ ಕಣ್ಣು ನೆಟ್ಟು ನಂಬುತ್ತಿರುವುದು, ಅದು ಅವನ ತನಕ ಹೋಗುತ್ತದೆ. ಒಂದಿಷ್ಟೂ ಕಡಿಮೆಯಾಗದೆ ಹೋಗುತ್ತದೆ. ಅದಕ್ಕೆ ಅವನ ಹತ್ತಿರ ಜೋಕಿಲ್ಲ. ಅಪ್ಪ, ಅಮ್ಮ, ಸಂಕ್ರಾಂತಿಯ ಹಾಲಿನಲ್ಲಿ ಕೂತು ಉಣ್ಣುವ ಅಷ್ಟೂ ಜನ ತನ್ನನ್ನು ಏನೆನ್ನುತ್ತಾರೆಂಬುದೂ ಅವಳಿಗೆ ಅದೇ ಉಸಿರಿನಲ್ಲಿ ಕಂಡಿತು. ಈ ಮನೆಗೆ ಇನ್ನು ಕಾಲಿಡುವ ಹಾಗಿಲ್ಲ. ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಯಾರೂ ಕೂತು ಚಾರು ಎನ್ನುವುದಿಲ್ಲ.

ತೆರೆದ ಬಾಯನ್ನು ಅವಳು ಮುಚ್ಚಿದಳು.

‘ಹೇಳು’ ಎಂದಳು ನೇಹಾ. ‘ಅಲ್ಲ ಅಂತ ಹೇಳು. ಅಷ್ಟು ಸಾಕು ನಂಗೆ.’

ಹೊರಗೆ ಲಿಫ್ಟು ಬಂದು ನಿಂತ ಸದ್ದಾಯಿತು. ಬೀಗದಲ್ಲಿ ಕೀ ತಿರುಗಿತು. ಎದ್ದು ಹೋಗಲು ಇನ್ನೂ ಸಮಯವಿತ್ತು, ಅಲ್ಲವೆನ್ನಲೂ ಇತ್ತು. ಶಿವಪ್ರಸಾದ ಬೂಟು ಕಳಚುತ್ತ, ಬಾಗಿದಲ್ಲಿಂದಲೇ, ‘ಏನಮ್ಮಾ ಅಸಿಸ್ಟೆಂಟ್, ಇನ್ನೂ ಇಲ್ಲೇ ಇದೀಯಾ?’ ಎಂದು ನಗುತ್ತ ತಲೆಯೆತ್ತಿದ. ನೇಹಾ ಗಂಡನನ್ನು ನೋಡಲಿಲ್ಲ, ಚಾರ್ವಿಯನ್ನೇ ನೋಡುತ್ತಿದ್ದಳು. ಚಾರ್ವಿ ಇಬ್ಬರನ್ನೂ ಒಮ್ಮೆ ನೋಡಿ, ತಪ್ಪು ಸಿಕ್ಕಿಬಿದ್ದವಳ ಹಾಗೆ, ನಿಧಾನವಾಗಿ ತಲೆ ತಗ್ಗಿಸಿದಳು. ಅವನ ನಗು ಅರ್ಧಕ್ಕೆ ನಿಂತದ್ದು ಅವಳಿಗೆ ನೋಡದೆಯೇ ತಿಳಿಯಿತು.